‘ಉತ್ತರ ಕೊಡ್ಲೇ ಇಲ್ವಾ, ಅಪ್ಪ?’

ಹೋದ ತಿಂಗಳು ನನಗೆ ಹ್ಯಾಮ್ ರೇಡಿಯೋ ಲೈಸೆನ್ಸ್ ಬಂತು. ಹವ್ಯಾಸಕ್ಕಾಗಿ ರೇಡಿಯೋದಲ್ಲಿ ದೂರದವರ ಜೊತೆ ಮಾತಾಡೋಕೆ ಸಿಗುವ ಅನುಮತಿ ಅದು. ಮಂಡ್ಯದಲ್ಲಿರುವ ಅಕ್ಕನಿಗೆ ಅವತ್ತೇ ಫೋನ್ ಮಾಡಿ ಹೇಳಿದೆ. "ಅಂತೂ ನಿನ್ನ ರೇಡಿಯೋ ಹುಚ್ಚಿಗೆ ಒಂದು ಸರ್ಟಿಫಿಕೇಟ್ ಸಿಕ್ತು ಬಿಡಪ್ಪ" ಅಂತ ಅವಳೂ ಖುಷಿಪಟ್ಟಳು. ಆದರೆ ಇದನ್ನು ಬರೆಯೋಕೆ ಕೂರಿಸಿದ್ದು ಲೈಸೆನ್ಸ್ ಅಲ್ಲ. ಪರೀಕ್ಷೆ ಮುಗಿಸಿ ಬರುವಾಗ ಕಾರಿನಲ್ಲಿ ಮಗಳು ಆಡಿದ ಒಂದು ಮಾತು.

ನಾವಿರುವುದು ಓಹಾಯೋದ ಕೊಲಂಬಸ್ ಹತ್ತಿರ. ಪರೀಕ್ಷೆ ನಡೆದದ್ದು ಲೈಬ್ರರಿಯ ಹಿಂದಿನ ಕೋಣೆಯಲ್ಲಿ, ಒಂದು ಶನಿವಾರ ಬೆಳಿಗ್ಗೆ. ಟೆಕ್ನಿಷಿಯನ್ ಅನ್ನೋದು ಮೊದಲ ಹಂತ. 35 ಪ್ರಶ್ನೆ, 26 ಸರಿಯಾದರೆ ಪಾಸು. ಪ್ರಶ್ನೆಗಳ ಪಟ್ಟಿ ಮೊದಲೇ ಎಲ್ಲರಿಗೂ ಸಿಗುತ್ತದೆ. 400ಕ್ಕೂ ಜಾಸ್ತಿ ಇರುತ್ತವೆ, ಅದರಲ್ಲೇ 35 ಬರುತ್ತವೆ. ಪರೀಕ್ಷೆ ನಡೆಸುವವರು ಸರ್ಕಾರಿ ನೌಕರರಲ್ಲ, ಲೈಸೆನ್ಸ್ ಇರುವ ಹಳೇ ಹ್ಯಾಮ್‌ಗಳೇ. ಕನಿಷ್ಠ ಮೂವರು ಕೂತಿರಬೇಕು. ನಮ್ಮ ಪಕ್ಕದ ಮನೆಯ ಹಿರಿಯರು ಆ ಮೂವರಲ್ಲಿ ಒಬ್ಬರು. ಎಂಬತ್ತರ ಹತ್ತಿರ ವಯಸ್ಸು. ಅವರ ಹಿತ್ತಿಲ ಮರದಿಂದ ಕಿಟಕಿಗೆ ಎಳೆದಿದ್ದ ತಂತಿ ನೋಡಿಯೇ ನಾನು ಅವರ ಪರಿಚಯ ಮಾಡಿಕೊಂಡದ್ದು. ಏರಿಯಲ್ ಕಂಡರೆ ನನಗೆ ಸುಮ್ನೆ ಮುಂದಕ್ಕೆ ಹೋಗೋಕೆ ಆಗಲ್ಲ.

33 ಸರಿ ಬಂದವು. ಅವರು ಎದ್ದು ಬಂದು ಕೈ ಕುಲುಕಿದರು. ನೀನು ಇಲ್ಲಿನ ಪ್ರಜೆಯಾ ಅಂತ ಯಾರೂ ಕೇಳಲಿಲ್ಲ. ನಾನು ಅಲ್ಲ, ಆದರೂ ಲೈಸೆನ್ಸ್ ಕೊಡುತ್ತಾರೆ. 35 ಡಾಲರ್ ಕಟ್ಟಿದೆ. ಕೆಲವೇ ದಿನಗಳಲ್ಲಿ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ನನ್ನ ಗುರುತಿನ ಹೆಸರು, ಬಂತು. 10 ವರ್ಷ ಚಿಂತೆಯಿಲ್ಲ.

ಮಗಳಿಗೆ ಹನ್ನೊಂದು ವರ್ಷ. ವಾಪಸ್ ಬರುವಾಗ ಅವಳಿಗೆ ನನ್ನ ರೇಡಿಯೋ ಕಥೆಯನ್ನೆಲ್ಲ ಹೇಳುತ್ತಿದ್ದೆ. ಆರನೇ ವಯಸ್ಸಿನಿಂದ ಹೇಗೆ ಕೇಳುತ್ತಿದ್ದೆ, ಯಾವ್ಯಾವ ದೇಶ ಹಿಡಿಯುತ್ತಿದ್ದೆ, ರೇಡಿಯೋ ಸ್ಟೇಷನ್‌ಗಳಿಂದ ಬಂದ ಎಷ್ಟು ಕಾರ್ಡ್ ಸೇರಿಸಿದ್ದೆ ಅಂತ. ಎಲ್ಲ ಕೇಳಿಸಿಕೊಂಡು ಅವಳು ಅಂದಳು, "ಇಷ್ಟೊಂದು ವರ್ಷ ಬರೀ ಕೇಳಿಸ್ಕೊಂಡೇ ಇದ್ಯಾ? ಉತ್ತರ ಕೊಡ್ಲೇ ಇಲ್ವಾ, ಅಪ್ಪ?"

ಅವಳು ತಮಾಷೆ ಮಾಡಿದ್ದಲ್ಲ. ನಿಜವಾಗಿಯೂ ಅವಳಿಗೆ ಅರ್ಥವಾಗಿರಲಿಲ್ಲ. ನನಗೆ ಮಾತ್ರ ಆ ಪ್ರಶ್ನೆ ನೇರ ಎದೆಗೆ ಬಂದು ತಾಗಿತು.

ನಮ್ಮ ಮನೆಯಲ್ಲಿ ಅಪ್ಪನನ್ನು ಅಣ್ಣ ಅಂತಲೇ ಕರೆಯುತ್ತಿದ್ದದ್ದು. ಅಣ್ಣನ ಹತ್ತಿರ ಮರದ ಪೆಟ್ಟಿಗೆಯ ಒಂದು ರೇಡಿಯೋ ಇತ್ತು. ಅದಕ್ಕೂ ಲೈಸೆನ್ಸ್ ಇತ್ತು, ನಿಮ್ಮಲ್ಲಿ ದೊಡ್ಡವರಿಗೆ ನೆನಪಿರುತ್ತೆ. ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ದುಡ್ಡು ಕಟ್ಟಬೇಕು. ಪುಟ್ಟ ಪುಸ್ತಕದಲ್ಲಿ ಸ್ಟಾಂಪ್ ಅಂಟಿಸಿ ಮುದ್ರೆ ಒತ್ತಿ ಕೊಡುತ್ತಿದ್ದರು. ಎಂಬತ್ತರ ದಶಕದಲ್ಲಿ ಆ ಪದ್ಧತಿ ಹೋಯಿತು. ಅಣ್ಣ ಆ ಪುಸ್ತಕವನ್ನು ಜಮೀನಿನ ಪತ್ರಗಳ ಜೊತೆ ಟ್ರಂಕಿನಲ್ಲಿ ಇಡುತ್ತಿದ್ದರು. ಬರೀ ಕೇಳೋದಕ್ಕೇ ಅಷ್ಟು ಭಯಭಕ್ತಿ. ಮಾತಾಡೋದು ನಮ್ಮಂಥವರ ಕನಸಿನಲ್ಲೂ ಇರಲಿಲ್ಲ.

ಬೆಳಿಗ್ಗೆ "ಇಯಂ ಆಕಾಶವಾಣೀ" ಅಂತ ಸಂಸ್ಕೃತ ವಾರ್ತೆ ಬರುವ ಹೊತ್ತಿಗೆ ಅಮ್ಮ ಒಲೆ ಮುಂದೆ ಇರುತ್ತಿದ್ದರು. ಸಂಜೆ ಸಕ್ಕರೆ ಕಾರ್ಖಾನೆಯ ಸೈರನ್ ಆದ ಮೇಲೆ ರೇಡಿಯೋ ನನ್ನದು. ಶಾರ್ಟ್‌ವೇವ್ ಬ್ಯಾಂಡುಗಳು, 49 ಮೀಟರ್, 41, 31, 25. ಸಿಲೋನ್, ಬಿಬಿಸಿ, ಮಾಸ್ಕೋ, ಜರ್ಮನಿ, ನೆದರ್‌ಲ್ಯಾಂಡ್ಸ್. ಎಷ್ಟು ಗಂಟೆಗೆ ಯಾವ ಮೀಟರಿನಲ್ಲಿ ಎಷ್ಟು ಸ್ಪಷ್ಟವಾಗಿ ಕೇಳಿಸಿತು ಅಂತ ಬರೆದು ಕಳಿಸಿದರೆ ಅವರು ಬಣ್ಣದ ಕಾರ್ಡ್ ಕಳಿಸುತ್ತಿದ್ದರು. ನೀವು ಕೇಳಿದ್ದು ನಮ್ಮನ್ನೇ ಅಂತ ಖಾತ್ರಿ ಮಾಡುವ ಕ್ಯೂಎಸ್ಎಲ್ ಕಾರ್ಡ್. ಧ್ವನಿಯ ಶಕ್ತಿ, ಅಡ್ಡ ಬರುವ ಸ್ಟೇಷನ್, ಗದ್ದಲ, ಏರಿಳಿತ, ಒಟ್ಟಾರೆ. ಐದಕ್ಕೂ ಒಂದರಿಂದ ಐದರವರೆಗೆ ಅಂಕ ಹಾಕಬೇಕು. ಶಾಲೆಯಲ್ಲಿ ನನಗೆ ಅಂಕ ಕೊಡುತ್ತಿದ್ದರು, ಇಲ್ಲಿ ನಾನು ಜರ್ಮನಿಗೆ ಅಂಕ ಕೊಡುತ್ತಿದ್ದೆ.

41 ಮೀಟರ್ ಪಕ್ಕದಲ್ಲೇ ಹ್ಯಾಮ್‌ಗಳ 40 ಮೀಟರ್ ಇರುವುದು. ಅಲ್ಲಿ ಮುಳ್ಳು ನಿಲ್ಲಿಸಿದರೆ ಬಾತುಕೋಳಿ ಕೂಗಿದ ಹಾಗೆ ಏನೋ ಕೇಳಿಸುತ್ತಿತ್ತು. ಅವರು ಬಳಸುವ ಎಸ್ಎಸ್‌ಬಿ ಅನ್ನುವ ವಿಧಾನ ಮಾಮೂಲಿ ರೇಡಿಯೋಗೆ ಅರ್ಥವಾಗೋದಿಲ್ಲ. ಆಮೇಲೆ ಒಂದು ಉಪಾಯ ಗೊತ್ತಾಯಿತು. ಇನ್ನೊಂದು ಟ್ರಾನ್ಸಿಸ್ಟರನ್ನು ಪಕ್ಕಕ್ಕಿಟ್ಟು ಅದರ ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋದರೆ, ಒಂದು ಕಡೆ ಬಾತುಕೋಳಿ ಇದ್ದಕ್ಕಿದ್ದಂತೆ ಮನುಷ್ಯನಾಗುತ್ತದೆ. ಆ ಕ್ಷಣ ಮೈ ಜುಮ್ಮೆಂದಿತ್ತು.

ಪಿಯುಸಿ ರಜೆಯಲ್ಲಿ, ಒಂದು ಭಾನುವಾರ, ಹಾಗೆ ಸಿಕ್ಕಿದ ದನಿ ಮೈಸೂರಿನದು. "ಸಿ.ಕ್ಯೂ., ಸಿ.ಕ್ಯೂ." ಅಂತ ಕರೆಯುತ್ತಿದ್ದರು. ಯಾರಾದರೂ ಇದ್ದೀರಾ ಅಂತ ಅದರ ಅರ್ಥ. ಕರೆದರು, ನಿಲ್ಲಿಸಿದರು, ಕಾದರು. ಮತ್ತೆ ಕರೆದರು. ಯಾರೂ ಉತ್ತರ ಕೊಡಲಿಲ್ಲ. ಅವರಿಗೂ ನನಗೂ ನಡುವೆ ಶ್ರೀರಂಗಪಟ್ಟಣ, ಪಾಂಡವಪುರ, ಇಷ್ಟೇ. ಬಸ್ಸಿನಲ್ಲಿ ಹೋದರೆ ಒಂದು ಗಂಟೆ. ನನಗೆ ಅವರ ಉಸಿರೂ ಕೇಳಿಸುತ್ತಿತ್ತು. "ಇದ್ದೀನಿ ಸಾರ್, ಕೇಳಿಸ್ತಾ ಇದೆ" ಅಂತ ನಾನು ಜೋರಾಗಿ ಅಂದೇಬಿಟ್ಟೆ. ಅಮ್ಮ ಅಡುಗೆಮನೆಯಿಂದ "ಯಾರ ಜೊತೆ ಮಾತಾಡ್ತಿದ್ದೀಯೋ" ಅಂದರು. ಸ್ವಲ್ಪ ಹೊತ್ತಿಗೆ ಆ ದನಿ ನಿಂತುಹೋಯಿತು.

ಕಾಲೇಜಿಗೆ ಮೈಸೂರಿಗೆ ಬಂದ ಮೇಲೆ ಲೈಸೆನ್ಸ್ ಬಗ್ಗೆ ವಿಚಾರಿಸಿದೆ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಳಿಸಿದರು. ಅರ್ಜಿ ದೆಹಲಿಗೆ ಹೋಗಬೇಕು, ಮೋರ್ಸ್ ಅನ್ನುವ ಚುಕ್ಕಿ-ಗೆರೆಯ ಸಂಕೇತ ಕಲಿಯಬೇಕು, ಪೊಲೀಸರು ವಿಚಾರಣೆಗೆ ಬರುತ್ತಾರೆ ಅಂದರು. ಕೊನೆಗೆ ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, "ಯಾರ ಹತ್ರ ಏನು ಮಾತಾಡೋದಿದೆ ನಿನಗೆ?" ನನಗೆ ಉತ್ತರ ಹೊಳೆಯಲಿಲ್ಲ. ವಾಪಸ್ ಬಂದೆ. ಆಮೇಲೆ ಕೆಲಸ, ಮದುವೆ, ಈ ದೇಶ. ಕೇಳೋದು ಮಾತ್ರ ಬಿಡಲಿಲ್ಲ.

ಈಗ ಊರಿನಲ್ಲೂ ಅರ್ಜಿ ಆನ್‌ಲೈನ್ ಆಗಿದೆ. ಆರಂಭದ ದರ್ಜೆಗೆ ಮೋರ್ಸ್ ಬೇಕಿಲ್ಲ. ಹನ್ನೆರಡು ತುಂಬಿದ ಮಗು ಪರೀಕ್ಷೆ ಬರೆಯಬಹುದು. ಆದರೂ ‘ಏನು ಮಾತಾಡೋದಿದೆ ನಿನಗೆ’ ಅನ್ನೋ ಆ ಪ್ರಶ್ನೆ ನಮ್ಮಲ್ಲಿ ಇನ್ನೂ ಇದೆ ಅನ್ನಿಸುತ್ತೆ. ಮಕ್ಕಳು ಮಾತಾಡಬೇಕು ಅಂದರೆ ಕಾರಣ ಕೇಳುತ್ತೇವೆ. ಸುಮ್ಮನಿದ್ದರೆ ಕಾರಣ ಕೇಳಲ್ಲ.

ಇದನ್ನೆಲ್ಲ ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡೆ. ಆದರೆ ನಮ್ಮೂರಿನವರು ಬರೀ ಕೇಳುವವರು ಅಂತ ಅವರು ತಿಳಿದುಕೊಳ್ಳಬಾರದು ಅನ್ನಿಸಿ, ಮೈಸೂರಿನ ಒಂಟಿಕೊಪ್ಪಲಿನ ವಿಠ್ಠಲ ವಿಹಾರ ಅನ್ನೋ ಮನೆಯ ಕಥೆಯನ್ನೂ ಹೇಳಿದೆ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ಟ್ರಾನ್ಸ್‌ಮಿಟರ್ 30 ವ್ಯಾಟಿನದು. ಆಕಾಶವಾಣಿ ಅನ್ನೋ ಹೆಸರು ಮೊದಲು ಆ ಮನೆಯದು, ಆಮೇಲೆ ದೇಶದ್ದು. "ಮೂವತ್ತೇ ವ್ಯಾಟಾ?" ಅಂತ ಅವರು ಎರಡು ಸಲ ಕೇಳಿದರು. ಅವರ ಸೆಟ್ 100 ವ್ಯಾಟಿನದು.

ಮಗಳಿಗೆ ನಮ್ಮ ದೇಶದ ಹ್ಯಾಮ್ ಭಾರತಿ ಪ್ರಸಾದ್ ಅವರ ಕಥೆ ಹೇಳಿದೆ. 2004ರ ಡಿಸೆಂಬರಿನಲ್ಲಿ ಅವರು ಹ್ಯಾಮ್ ರೇಡಿಯೋ ಸಲುವಾಗಿಯೇ ಪೋರ್ಟ್ ಬ್ಲೇರಿಗೆ ಹೋಗಿದ್ದರು. 26ರಂದು ಸುನಾಮಿ ಬಂತು. ಫೋನ್ ಸತ್ತುಹೋದಾಗ ಅವರ ಸೆಟ್ ಮಾತಾಡಿತು. ದ್ವೀಪದವರ ಸುದ್ದಿ ಮನೆಯವರಿಗೆ ಮುಟ್ಟಿಸಿದರು. ಮಗಳು ಆ ಕಥೆ ಇನ್ನೊಂದು ಸಲ ಹೇಳಿಸಿಕೊಂಡಳು.

ಹೋದ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯವರು ತಮ್ಮ ಸೆಟ್ ಮುಂದೆ ನನ್ನನ್ನು ಕೂರಿಸಿದರು. ನನ್ನ ಲೈಸೆನ್ಸಿಗೆ 10 ಮೀಟರಿನಲ್ಲಿ ಒಂದಷ್ಟು ಜಾಗ ಇದೆ. ಸೂರ್ಯನ ಮೇಲೆ ಕಲೆಗಳು ಜಾಸ್ತಿ ಇರುವ ಕಾಲದಲ್ಲಿ ಹಗಲು ಹೊತ್ತು ಅಲ್ಲಿ ಸಮುದ್ರ ದಾಟಿದ ದನಿಗಳೂ ಸಿಗುತ್ತವೆ. ಮಗಳು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಗದ್ದಲದ ಒಳಗಿಂದ ಸಣ್ಣಗೆ ಕೇಳಿಸಿತು. "ಸಿ.ಕ್ಯೂ., ಸಿ.ಕ್ಯೂ." ಸ್ಪೇನಿನ ಒಬ್ಬರು. ಕರೆದರು, ನಿಲ್ಲಿಸಿದರು. ಯಾರೂ ಇಲ್ಲ. ಮತ್ತೆ ಕರೆದರು.

ನನ್ನ ಕೈ ಬೆವೆತಿತ್ತು. ಮೈಕಿನ ಗುಂಡಿ ಒತ್ತಿ ನನ್ನ ಕಾಲ್‌ಸೈನ್ ಹೇಳಿದೆ. ಬಿಟ್ಟೆ. ಒಂದು ಕ್ಷಣ ಬರೀ ಗದ್ದಲ. ಆಮೇಲೆ ಅವರ ಬಾಯಲ್ಲಿ ನನ್ನ ಕಾಲ್‌ಸೈನ್ ವಾಪಸ್ ಬಂತು. ಮಗಳು ನನ್ನ ಮೊಣಕೈ ಹಿಡಿದುಕೊಂಡಳು.

ಎಲ್ಲಿಂದ ಅಂತ ಕೇಳಿದರು. ಓಹಾಯೋ ಅಂದೆ. ತಡೆಯೋಕಾಗದೆ ಹುಟ್ಟಿದೂರನ್ನೂ ಹೇಳಿದೆ. ಅವರಿಗೆ ಗೊತ್ತಾಗಲಿಲ್ಲ, ಇನ್ನೊಮ್ಮೆ ಹೇಳಿ ಅಂದರು. ಹ್ಯಾಮ್‌ಗಳು ಬಿಡಿಸುವ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಮೈಕ್, ಆಲ್ಫಾ, ನವೆಂಬರ್, ಡೆಲ್ಟಾ, ಯಾಂಕೀ, ಆಲ್ಫಾ.

ಅವರು ಬರೆದುಕೊಂಡರು ಅಂತ ಕಾಣುತ್ತೆ. ಸ್ವಲ್ಪ ತಡೆದು, ನಿಧಾನವಾಗಿ, ಅಟ್ಲಾಂಟಿಕ್ ಆಚೆಯಿಂದ ಆ ಹೆಸರು ಹೇಳಿದರು. "ಮಂಡ್ಯ."