‘ನಗುತ್ತಾನೆ’ ಅಂತ ಒಂದು ಹೆಸರು

ಇಸಾಕ ಅನ್ನೋ ಹೆಸರಿನ ಅರ್ಥ ಇವತ್ತು ಗೊತ್ತಾಯಿತು. ಹೀಬ್ರೂನಲ್ಲಿ ಯಿತ್ಸ್‌ಹಾಕ್, ಅಂದರೆ ‘ನಗುತ್ತಾನೆ’. ಹೆಸರಿಗೆ ಹೆಸರೇ ಕ್ರಿಯಾಪದ!

ಬೈಬಲ್ಲಿನ ಕಥೆ ಇನ್ನೂ ಮಜಾ. ಇಸಾಕನ ಅಪ್ಪ ಅಬ್ರಹಾಮನಿಗೆ ಆಗ ಹತ್ತಿರ ಹತ್ತಿರ 100 ವರ್ಷ, ಅಮ್ಮ ಸಾರಾಳಿಗೆ ಹತ್ತಿರ ಹತ್ತಿರ 90. ಮಗು ಹುಟ್ಟುತ್ತದೆ ಅಂತ ದೇವರು ಅಂದಿದ್ದು ಡೇರೆಯ ಬಾಗಿಲಲ್ಲಿದ್ದ ಆಕೆಗೆ ಕೇಳಿಸಿತು. ಒಳಗೊಳಗೇ ನಕ್ಕಳು. ಆಮೇಲೆ ‘ನಾನು ನಗಲಿಲ್ಲ’ ಅಂತ ಸುಳ್ಳು ಬೇರೆ! ಎಷ್ಟು ನಮ್ಮ ಅಜ್ಜಿಯರ ಥರ, ಅಲ್ವಾ?

ಇಸ್ರೇಲಿನ ಪ್ರಧಾನಿಗಳಲ್ಲೇ ಇಬ್ಬರು ಯಿತ್ಸ್‌ಹಾಕ್: ಶಮೀರ್, ರಾಬಿನ್. ಅಮೆರಿಕದಲ್ಲಿ ಐಸಾಕ್ ಅಂತ ಈಗಲೂ ಜಾಸ್ತಿ ಇಡುತ್ತಾರೆ. ನಮ್ಮ ಕಡೆಯ ಇಸಾಕ್ ಸಾಹೇಬರ ಹೆಸರೂ ಇದೇ, ಅರಬ್ಬಿ ದಾರಿಯಲ್ಲಿ ಬಂದದ್ದು.

ಅಂದಹಾಗೆ ನ್ಯೂಟನ್ನೂ ಐಸಾಕ್. ಶಾಲೆಯ ಪುಸ್ತಕದಲ್ಲಿದ್ದ ಅವನ ಚಿತ್ರ ನೆನಪಿಸಿಕೊಂಡೆ. ನಗುವಿನ ಸುಳಿವೇ ಇಲ್ಲ ಮಾರಾಯ್ರೇ.