ಹಸ್ತ ಮಳೆಯ ಬಿಡುವಿನಲ್ಲಿ ತುಂಬೆ ಬೀಜ

2024 ಅಕ್ಟೋಬರ್ 6, ಭಾನುವಾರ
ತಿಪಟೂರು ತಾಲ್ಲೂಕು

ಹಸ್ತ ಮಳೆ ರಾತ್ರಿ ಒಂದು ಹದ ಬಿದ್ದು ಬೆಳಗಿನ ಜಾವಕ್ಕೆ ಬಿಟ್ಟಿತ್ತು. ಹತ್ತು ಗಂಟೆಯ ಬಿಸಿಲಿಗೆ ಗಿಡಗಳ ಮೈ ಆರಿದ ಮೇಲೆ, ತೆಂಗಿನ ತೋಟದ ಮೇಲ್ಗಡೆ ಕಾಡುಹೂ ಬೆಳೆಸಲೆಂದೇ ಬಿಟ್ಟಿರುವ ಹತ್ತು ಗುಂಟೆ ಕೆಂಪು ನೆಲದಲ್ಲಿ ಈ ವರ್ಷದ ಮೊದಲ ತುಂಬೆ ಬೀಜವನ್ನು ಬಿಡಿಸಿದೆ. ಒಣಗಿ ಕಂದಾದ ಗುಂಡು ಗೊಂಚಲನ್ನು ಅಂಗೈ ಮೇಲೆ ತಲೆಕೆಳಗಾಗಿ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿದರೆ, ಒಂದೊಂದು ಪುಟ್ಟ ಬಟ್ಟಲಿನಿಂದ ನಾಲ್ಕು ನಾಲ್ಕು ಬೀಜ ಉದುರುತ್ತವೆ. ಒಂದು ಮಗ್ಗುಲು ದುಂಡಗೆ, ಇನ್ನೊಂದು ಮಗ್ಗುಲು ಏಣು, ಬಣ್ಣ ಕಡು ಕಂದು. ಜೂನ್‌ನಲ್ಲಿ ನಾನು ಬಿತ್ತಿದ ಬೀಜ ಮೊಳೆತು, ಹೂವಾಗಿ, ಮತ್ತೆ ಬೀಜವಾಗಿ ಕೈಗೆ ಬಂದದ್ದನ್ನು ಕಂಡು ಬಹಳ ಹೊತ್ತು ಅಲ್ಲಿಯೇ ಕುಳಿತಿದ್ದೆ.

ಇಲ್ಲಿಗೆ ಬರಲು ಒಂದು ವರ್ಷ ವ್ಯರ್ಥವಾಯಿತು. 2023ರ ಮುಂಗಾರಿನಲ್ಲಿ ನಾನು ಮೊದಲು ಬಿತ್ತಿದ್ದು, ಕಾಡುಹೂಗಳ ಮಿಶ್ರಣವೆಂದು ಹೆಸರು ಬರೆದಿದ್ದ ಪೊಟ್ಟಣಗಳನ್ನು. ಹುಟ್ಟಿದ್ದು ಕಾಸ್ಮಾಸ್ ಮತ್ತು ಜಿನ್ನಿಯಾ. ಎರಡರ ತವರೂ ಮೆಕ್ಸಿಕೊ. ಅವು ಚೆಲುವಾದ ಹೂಗಳೇ, ಆದರೆ ನಮ್ಮ ಕಾಡಿನವಲ್ಲ. ಆ ವರ್ಷ ಬರ ಬಿದ್ದಿತ್ತು. ಕೊಳವೆಬಾವಿಯ ನೀರು ಹಾಯಿಸಿ ಅವುಗಳನ್ನು ಉಳಿಸಿಕೊಳ್ಳಲು ನಾನು ಒದ್ದಾಡುತ್ತಿದ್ದಾಗ, ಬೇಲಿಯಾಚೆಯ ಬದುವಿನ ಮೇಲೆ ಯಾರೂ ತೊಟ್ಟು ನೀರು ಕೊಡದಿದ್ದರೂ ತುಂಬೆ ಬೆಳ್ಳಗೆ ಹೂ ಬಿಟ್ಟಿತ್ತು, ಕೊಗ್ಗಿ ಗಿಡದ ತುದಿಗಳಲ್ಲಿ ನೇರಳೆ ಹೂ ತುಂಬಿತ್ತು. ದುಡ್ಡು ಕೊಟ್ಟು ತಂದದ್ದಕ್ಕೆ ನೀರು ಹೊತ್ತು, ಈ ಮಣ್ಣಿನಲ್ಲೇ ಹುಟ್ಟಿ ಬೆಳೆದದ್ದನ್ನು ಕಳೆಯೆಂದು ಕೀಳುತ್ತಿದ್ದೇನಲ್ಲ ಎಂದು ನನಗೆ ಆ ಸಂಜೆ ನಿಜವಾಗಿ ನೋವಾಯಿತು.

ಅಂದಿನಿಂದ ಬೀಜದಂಗಡಿಯ ಕಡೆ ಹೋಗದೆ, ನವೆಂಬರ್‌ನಿಂದ ಸಂಕ್ರಾಂತಿಯವರೆಗೆ ಪ್ರತಿ ಭಾನುವಾರ ಬದು, ಕೆರೆ ಏರಿ, ರಸ್ತೆಯ ಅಂಚುಗಳನ್ನು ಸುತ್ತಿ ಬೀಜ ಕೂಡಿಸಿದೆ. ತುಂಬೆ, ಕೊಗ್ಗಿ, ವಿಷ್ಣುಕ್ರಾಂತಿ, ಅಣ್ಣೆ ಸೊಪ್ಪು, ತಂಗಡಿ, ಒಣಗಿದ ಕಾಯನ್ನು ಅಲುಗಿಸಿದರೆ ಗಿಲಕಿಯಂತೆ ಸದ್ದು ಮಾಡುವ ಹಳದಿ ಹೂವಿನ ಗಿಡ, ಇವುಗಳ ಜೊತೆಗೆ ಪಂಚೆಗೆ ಚುಚ್ಚಿಕೊಳ್ಳುವ ಈಟಿಯಂಥ ಬೀಜದ ಹುಲ್ಲು. ಈ ಹುಲ್ಲಿನ ಬೀಜಕ್ಕೆ ಉದ್ದನೆಯ ಬಾಲವಿದ್ದು, ಅದು ಒಣಗಿದಾಗ ಹುರಿಗೊಂಡು, ತೇವ ತಾಕಿದಾಗ ಹುರಿ ಬಿಚ್ಚಿಕೊಂಡು, ಹೀಗೆ ತಿರುಗಿ ತಿರುಗಿಯೇ ಬೀಜವನ್ನು ಮಣ್ಣಿನೊಳಕ್ಕೆ ನಾಟುತ್ತದೆ. ಅದನ್ನು ಬಿತ್ತಿದವರು ಮುಚ್ಚಬೇಕಾಗಿಯೇ ಇಲ್ಲ. ಒಂದೊಂದು ಜಾಗದಿಂದಲೂ ಸಿಕ್ಕಿದ್ದರಲ್ಲಿ ಹೆಚ್ಚಿನ ಪಾಲನ್ನು ಅಲ್ಲೇ ಬಿಟ್ಟು ಬಂದೆ.

ಹೆಚ್ಚು ದುಡಿಮೆ ಬೇಡಿದ್ದು ಬಿತ್ತನೆಯಲ್ಲ, ಬಿತ್ತನೆಗೆ ಮುಂಚಿನ ನೆಲದ ಸಿದ್ಧತೆ. ಆ ನೆಲದ ತುಂಬ ಪಾರ್ಥೇನಿಯಂ ಬೀಜವಿತ್ತು. ಒಂದೇ ಗಿಡ ಸಾವಿರಾರು ಬೀಜ ಉದುರಿಸುವ ಆ ಕಳೆಯನ್ನು ಮೀರಿಸಿ ತುಂಬೆಯ ಮೊಳಕೆ ಮೇಲೇಳಲಾರದು. ಆದ್ದರಿಂದ ಬೇಸಿಗೆ ಮಳೆ ಬಿದ್ದಾಗ ಏನನ್ನೂ ಬಿತ್ತದೆ ಸುಮ್ಮನೆ ಕಾದೆ. ಪಾರ್ಥೇನಿಯಂ ಹುಟ್ಟಿ ನಾಲ್ಕೆಲೆಯಾದಾಗ ತೆಳುವಾಗಿ ಹರಗಿಸಿದೆ, ಮತ್ತೆ ಹುಟ್ಟಿದಾಗ ಮತ್ತೆ ಹರಗಿಸಿದೆ. ಆಳವಾಗಿ ಉಳುಮೆ ಮಾಡಿದರೆ ಕೆಳಗೆ ಮಲಗಿರುವ ಹಳೆಯ ಬೀಜವೆಲ್ಲ ಮೇಲೆ ಬರುತ್ತದೆ, ಅದಕ್ಕೇ ಮೇಲ್ಮಣ್ಣನ್ನು ಮಾತ್ರ ಕೆದಕಿದ್ದು. ಕೊಟ್ಟಿಗೆ ಗೊಬ್ಬರವನ್ನು ಒಂದು ಮಂಕರಿಯೂ ಹಾಕಲಿಲ್ಲ. ಗೊಬ್ಬರ ಬಿದ್ದ ನೆಲದಲ್ಲಿ ಅಬ್ಬರದಿಂದ ಬೆಳೆಯುವ ಒಂದೆರಡು ಜಾತಿಗಳೇ ಉಳಿದವನ್ನೆಲ್ಲ ತುಳಿದುಬಿಡುತ್ತವೆ, ಬಡ ಮಣ್ಣಿನಲ್ಲಾದರೆ ಹಲವು ಜಾತಿಗಳು ಒಟ್ಟಿಗೆ ಬಾಳುತ್ತವೆ.

ತಂಗಡಿ, ಕೊಗ್ಗಿ, ಗಿಲಕಿ ಗಿಡಗಳ ಬೀಜದ ಸಿಪ್ಪೆ ನೀರನ್ನೇ ಒಳಗೆ ಬಿಡದಷ್ಟು ಗಟ್ಟಿ. ಕುದಿಸಿ ಒಲೆಯಿಂದ ಇಳಿಸಿದ ನೀರನ್ನು ಅವುಗಳ ಮೇಲೆ ಸುರಿದು, ಅದೇ ನೀರಿನಲ್ಲಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ತಂಗಡಿಯ ಅರ್ಧಕ್ಕೂ ಹೆಚ್ಚು ಬೀಜ ಎರಡರಷ್ಟು ಊದಿ ಮೆತ್ತಗಾಗಿದ್ದವು. ಊದದೆ ಉಳಿದವನ್ನು ಉಪ್ಪುಕಾಗದದ ಮೇಲೆ ಒಂದು ಕಡೆ ಉಜ್ಜಿ ಮತ್ತೆ ನೆನೆಸಿದೆ. ಪರೀಕ್ಷೆಗೆಂದು ಏನೂ ಮಾಡದೆ ಕುಂಡದಲ್ಲಿ ಊರಿದ ಇಪ್ಪತ್ತು ತಂಗಡಿ ಬೀಜಗಳಲ್ಲಿ ಇಂದಿನವರೆಗೆ ಎರಡು ಮಾತ್ರ ಹುಟ್ಟಿವೆ.

ಜೂನ್ 9ರಂದು ಮೃಗಶಿರ ಮಳೆಯ ಹದಕ್ಕೆ ಬಿತ್ತಿದೆ. ಎಲ್ಲ ಸೇರಿ ಮುಕ್ಕಾಲು ಕೆಜಿಯಷ್ಟಿದ್ದ ಬೀಜಕ್ಕೆ ಎಂಟು ಪಾಲು ಮರಳು ಬೆರೆಸಿ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಎರಚಿ, ಮಣ್ಣು ಮುಚ್ಚದೆ ಬರಿಗಾಲಿನಲ್ಲಿ ತುಳಿದುಕೊಂಡು ಬಂದೆ. ಮಾರನೆಯ ದಿನ ಹೋದರೆ, ಇರುವೆಗಳು ಸಾಲುಗಟ್ಟಿ ತುಂಬೆ ಬೀಜವನ್ನು ಹೊತ್ತುಕೊಂಡು ಹೋಗುತ್ತಿದ್ದವು. ಎಲ್ಲವೂ ಹೋಯಿತೆಂದೇ ತಿಳಿದೆ. ಆದರೆ ಮೂರು ವಾರಗಳ ನಂತರ ಒತ್ತಾಗಿ ತುಂಬೆ ಹುಟ್ಟಿದ್ದು ಇರುವೆಗೂಡಿನ ಬಾಯಿಯ ಸುತ್ತಲೇ. ಇಂದು ಬೀಜ ಬಿಡಿಸಿದ್ದೂ ಅದೇ ಗುಂಪಿನಿಂದ.

ಮೊಳಕೆಗಳನ್ನು ಗುರುತಿಸಲು ಬಾರದೆ ನಾನು ಜುಲೈನಲ್ಲಿ ತುಂಬೆಯನ್ನೇ ಕಿತ್ತುಹಾಕುತ್ತಿದ್ದಾಗ ದೊಡ್ಡಮ್ಮ ಬಂದು ಕೈ ತಡೆದರು. “ಕೀಳ್ಬೇಡ ಕಣಪ್ಪ, ಅದು ತುಂಬೆ. ಎಲೆ ಉಜ್ಜಿ ಮೂಸ್ನೋಡು” ಎಂದರು. ಅಂದಿನಿಂದ ಅವರು ವಾರಕ್ಕೊಮ್ಮೆ ಬಂದು ಸಾಲು ಸಾಲಾಗಿ ಕುಳಿತು, ಇದು ಅಣ್ಣೆ, ಇದು ಉತ್ತರಾಣಿ, ಇದು ಕನ್ನೆ ಸೊಪ್ಪು ಎಂದು ಎರಡೆಲೆಯ ಮೊಳಕೆಗಳನ್ನೇ ಹೆಸರು ಹಿಡಿದು ತೋರಿಸಿದರು. ಈ ತಿಳಿವಳಿಕೆ ಯಾವ ಪೊಟ್ಟಣದ ಮೇಲೂ ಅಚ್ಚಾಗಿರುವುದಿಲ್ಲ.

ಇಂದು ನೆಲದ ಮುಕ್ಕಾಲು ಪಾಲು ಹೂವಿನಲ್ಲಿದೆ. ತುಂಬೆಯ ಬಿಳಿ ತುಟಿಯ ಮೇಲೆ ಜೇನ್ನೊಣ ಕೂತು ಒಳಕ್ಕೆ ಮೂತಿ ತೂರಿಸಿದಾಗಲೆಲ್ಲ ಮೇಲಿನ ಟೊಪ್ಪಿಗೆಯಡಿಯ ಕೇಸರಗಳು ಅದರ ಬೆನ್ನಿಗೆ ಪರಾಗ ಬಳಿಯುವುದನ್ನು ಮೊಣಕಾಲೂರಿ ನೋಡಿದೆ. ಗಿಲಕಿ ಗಿಡದ ಬಾಡಿದ ಕಾಂಡಗಳಿಗೆ ಕಡು ಕಂದು ರೆಕ್ಕೆಯಲ್ಲಿ ತಿಳಿನೀಲಿ ಮಚ್ಚೆಗಳಿರುವ ಹನ್ನೊಂದು ಚಿಟ್ಟೆಗಳು ಜೋತುಬಿದ್ದಿದ್ದವು. ಅವು ಮಕರಂದಕ್ಕೆ ಬಂದವಲ್ಲ. ಈ ಜಾತಿಯ ಗಂಡು ಚಿಟ್ಟೆಗಳು ಆ ಗಿಡದ ಕಹಿ ಸಾರವನ್ನು ಹೀರಿ, ಹೆಣ್ಣನ್ನು ಒಲಿಸುವ ಗಂಧವನ್ನು ಅದರಿಂದಲೇ ತಯಾರಿಸಿಕೊಳ್ಳುತ್ತವೆ. ಕಾಸ್ಮಾಸ್ ಇದ್ದ ವರ್ಷ ಇವುಗಳಲ್ಲಿ ಒಂದನ್ನೂ ನಾನು ಹೀಗೆ ಕಾಂಡಕ್ಕೆ ಜೋತದ್ದು ಕಂಡಿರಲಿಲ್ಲ.

ತಂಗಡಿ ಮೊಣಕಾಲೆತ್ತರ ಬಂದಿದೆ, ಹೂವಿಗೆ ಇನ್ನೂ ಒಂದು ವರ್ಷ ಬೇಕಾದೀತು. ಅದನ್ನು ರಾಜ್ಯದ ಹೂವೆಂದು ಸಾರಿಕೊಂಡಿರುವ ತೆಲಂಗಾಣದಲ್ಲಿ ಈಗ ಬತುಕಮ್ಮ ಹಬ್ಬ. ಅಲ್ಲಿ ತಂಗಡಿಯನ್ನೂ ಅಣ್ಣೆಯನ್ನೂ ಹೆಂಗಸರು ಹರಿವಾಣದಲ್ಲಿ ಗೋಪುರದಂತೆ ಜೋಡಿಸುತ್ತಾರೆ. ನಮ್ಮ ಮನೆಯಲ್ಲಿ ದೀಪಾವಳಿಗೆ ಸಗಣಿಯ ಉಂಡೆಗೆ ಸಿಕ್ಕಿಸುವುದಕ್ಕೂ ಇವೇ ಹೂಗಳು ಬೇಕು. ಈ ಸಲ ಅಣ್ಣೆ ಹೂವನ್ನು ನಮ್ಮ ನೆಲದಿಂದಲೇ ಕೊಡುತ್ತೇನೆಂದು ದೊಡ್ಡಮ್ಮನಿಗೆ ಹೇಳಿದ್ದೇನೆ.

ವಿಷ್ಣುಕ್ರಾಂತಿ ಮಾತ್ರ ಒಂದೂ ಹುಟ್ಟಿಲ್ಲ. ಮೂಡಲ ಮೂಲೆಯ ಜಲ್ಲಿನೆಲವನ್ನು ಅದಕ್ಕೆಂದೇ ಬಿಟ್ಟಿದ್ದೇನೆ, ಮುಂದಿನ ಮುಂಗಾರಿನವರೆಗೆ ಅಲ್ಲಿ ಹರಗುವುದಿಲ್ಲ. ಉಳಿದ ಕಡೆ ಬೀಜವೆಲ್ಲ ಉದುರಿದ ಮೇಲೆ ಜನವರಿಯಲ್ಲಿ ಕುಡುಗೋಲಿನಿಂದ ಕೊಯ್ದು, ಕೊಯ್ದದ್ದನ್ನು ಅಲ್ಲೇ ಕೊಳೆಯಲು ಬಿಡದೆ ಹೊರಗೆ ಸಾಗಿಸಬೇಕು. ಬೆಂಕಿಯನ್ನಂತೂ ಹತ್ತಿರ ಸುಳಿಯಗೊಡಬಾರದು. ಇಂದಿನ ತುಂಬೆ ಬೀಜ ಕಾಗದದ ಮೇಲೆ ನೆರಳಿನಲ್ಲಿ ಹರವಿದೆ. ಗುರುವಾರ ಚಿತ್ತೆ ಮಳೆ ಹುಟ್ಟುವುದರೊಳಗೆ ಅಣ್ಣೆಯ ಕರಿ ಬೀಜವನ್ನೂ ಕೊಡವಿಕೊಳ್ಳಬೇಕು.