ಟ್ಯಾಂಕ್ ಎಲ್ಲಿ ಕೂರಬೇಕು?

ಮಂಡ್ಯ ಸುತ್ತಮುತ್ತ ಮನೆ ಬಾಗಿಲಿಗೇ ಹೋಗಿ ಟ್ರ್ಯಾಕ್ಟರ್, ಅಂಗಳ ತೊಳೆದುಕೊಡುವ ಕೆಲಸ ಶುರು ಮಾಡುತ್ತಿದ್ದೇನೆ. ಜೋರಾಗಿ ನೀರು ಚಿಮ್ಮಿಸಿ ತೊಳೆಯುವ ಪ್ರೆಷರ್ ವಾಷರ್ ಬೇಗ ಆರಿಸಿದೆ. ತಲೆ ತಿಂದದ್ದು ನೀರಿನ ಟ್ಯಾಂಕ್ ಹೊರುವ ಟ್ರೇಲರ್.

1000 ಲೀಟರ್ ಟ್ಯಾಂಕೇ ಇರಲಿ ಅಂದುಕೊಂಡಿದ್ದೆ. ಆದರೆ 1 ಲೀಟರ್ ನೀರು ಅಂದ್ರೆ 1 ಕೆಜಿ ಅಲ್ವಾ? ನನ್ನ ಹಳೇ ಜೀಪಿನ ಹಿಂದೆ ಒಂದು ಟನ್ ನೀರು! 500ಕ್ಕೆ ಇಳಿದೆ. ನಿಮಿಷಕ್ಕೆ 15 ಲೀಟರ್ ಎಳೆಯುವ ಪಂಪಿಗೆ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಬರುತ್ತದೆ.

ನಿನ್ನೆ ಬಾಡಿಗೆ ಟ್ರೇಲರ್‌ನಲ್ಲಿ ಅರ್ಧ ಟ್ಯಾಂಕ್ ತುಂಬಿ ಎಳೆದು ನೋಡಿದೆ. ಬ್ರೇಕ್ ಒತ್ತಿದ್ದೇ ತಡ, ನೀರು ಮುಂದಕ್ಕೆ ನುಗ್ಗಿ ಜೀಪನ್ನೇ ತಳ್ಳಿತು. ಎದೆ ಧಸಕ್ಕೆಂದಿತು. ಒಳಗೆ ಅಡ್ಡ ತಡೆ ಇರುವ ಟ್ಯಾಂಕೇ ಬೇಕು. ಅದು ಆಕ್ಸಲ್ (ಚಕ್ರದ ಅಚ್ಚು) ಮೇಲೆ, ಸ್ವಲ್ಪವೇ ಮುಂದಕ್ಕೆ ಕೂರಬೇಕು. ಹಿಂದಕ್ಕೆ ಭಾರ ಬಿದ್ದರೆ ಟ್ರೇಲರ್ ಹಾವಿನ ಹಾಗೆ ಓಲಾಡುತ್ತದೆ.

ಅಪ್ಪ ಎತ್ತಿನ ಗಾಡಿಗೆ ಕಬ್ಬು ಹೇರಿದ ಮೇಲೆ ನೊಗ ಕಟ್ಟುವ ಮರ, ಅಂದ್ರೆ ಮೂಕಿ, ಎತ್ತಿ ನೋಡುತ್ತಿದ್ದರು. ಹಿಂದೆ ಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತದೆ ಅನ್ನುತ್ತಿದ್ದರು. ನಿನ್ನೆ ಟ್ರೇಲರ್ ಕೊಕ್ಕೆ ಎತ್ತಿ ನೋಡುವಾಗ ನನ್ನ ಕೈ ಥೇಟ್ ಅವರ ಕೈಯ ಹಾಗೇ ಇತ್ತು.